ಯೂನಿಯಾ ಎಂಬ ನಾಮದ ಲಿಂಗವಿಚಾರ

ಕ್ರಿಸ್ತೀಯ ಸಭೆಯಲ್ಲಿ ಸ್ತ್ರೀಯರಿಗೆ ನಾಯಕತ್ವದ ಅಧಿಕಾರವುಂಟೇ ಎಂಬ ವಿವಾದದಲ್ಲಿ ಒಂದು ಸ್ವರಚಿಹ್ನೆಯು ಪ್ರಮಾಣಸ್ಥಾನವನ್ನು ಪಡೆದಿದೆ. ಸುಮಾರು ಕ್ರಿ. ಶ. 57ರಲ್ಲಿ ಪೌಲನು ರೋಮಿನ ಸಭೆಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಅಂದ್ರೋನಿಕ, ಯೂನಿಯಾ ಎಂಬಿಬ್ಬರನ್ನು ತನ್ನ ಸಹಬಂದಿಗಳೆಂದೂ ಅಪೊಸ್ತಲರಲ್ಲಿ ಪ್ರಸಿದ್ಧರೆಂದೂ ಸ್ಮರಿಸಿದ್ದಾನೆ. ಎರಡನೆಯ ನಾಮವು ಅಲ್ಲಿ ದ್ವಿತೀಯಾ ವಿಭಕ್ತಿಯಲ್ಲಿದೆ. ಸ್ತ್ರೀನಾಮವಾದ ಯೂನಿಯಾ, ಪುರುಷನಾಮವೆಂದು ಕಲ್ಪಿತವಾದ ಯೂನಿಯಾಸ್, ಇವೆರಡಕ್ಕೂ ಗ್ರೀಕಿನಲ್ಲಿ ಆ ವಿಭಕ್ತಿಯ ಅಕ್ಷರಗಳು ಒಂದೇ; ಭೇದವು ಸ್ವರಚಿಹ್ನೆಯಲ್ಲಿ ಮಾತ್ರ. ಪ್ರಾಚೀನತಮ ಪ್ರತಿಗಳಲ್ಲಿಯಾದರೋ ಆ ಚಿಹ್ನೆಯೇ ಇಲ್ಲ.

ಆದರೂ ನಿರ್ಣಯಕ್ಕೆ ಸಾಧನಗಳುಂಟು. ಯೂನಿಯಾ ಎಂಬ ಹೆಸರು ರೋಮಿನ ಶಾಸನಗಳಲ್ಲಿ 250ಕ್ಕೂ ಹೆಚ್ಚು ಸಲ ದೊರೆತಿದೆ. ಯೂನಿಯಾಸ್ ಎಂಬುದು ಒಂದೆಡೆಯೂ ದೊರೆತಿಲ್ಲ. 4ನೆಯ ಶತಮಾನದ ಗ್ರೀಕ್ ವ್ಯಾಖ್ಯಾನಕಾರ ಕ್ರಿಸೊಸ್ತೋಮನು ಈಕೆಯನ್ನು ಸ್ತ್ರೀಯೆಂದೇ ತಿಳಿದು, ಅಪೊಸ್ತಲಪದಕ್ಕೆ ಯೋಗ್ಯಳೆಂದು ಕೊಂಡಾಡಿದನು. ಸ್ತ್ರೀಯರಿಗೆ ಪೌರೋಹಿತ್ಯವು ಸಲ್ಲದೆಂದವನೂ ಆತನೇ ಆದುದರಿಂದ ಇಲ್ಲಿ ಪಕ್ಷಪಾತದ ಶಂಕೆಗೆ ಎಡೆಯಿಲ್ಲ.

1522ರ ಲೂಥರನ ಜರ್ಮನ್ ಭಾಷಾಂತರವು ಈ ನಾಮವನ್ನು ಪುಲ್ಲಿಂಗವಾಗಿ ಗ್ರಹಿಸಿತು. 1927ರ ನೆಸ್ಟ್ಲೆ ಮುದ್ರಣವು ಮೂಲದಲ್ಲಿಯೇ ಪುಲ್ಲಿಂಗದ ಸ್ವರಚಿಹ್ನೆಯನ್ನಿರಿಸಿತು. 1998ರಲ್ಲಿ ಸ್ತ್ರೀರೂಪವು ಮರಳಿ ಬಂದಿತು. ಸ್ತ್ರೀಯು ಅಪೊಸ್ತಲಳಾಗಲಾರಳೆಂಬ ನಿಶ್ಚಯವು ಪಾಠದಿಂದ ಹುಟ್ಟಿದುದಲ್ಲ. ಆ ನಿಶ್ಚಯವೇ ಪಾಠವನ್ನು ತಿದ್ದಿದಂತೆ ತೋರುತ್ತದೆ.

“ಅಪೊಸ್ತಲರಲ್ಲಿ” ಎಂಬುದಕ್ಕೆ “ಅಪೊಸ್ತಲರಿಗೆ ಪರಿಚಿತರು” ಎಂದರ್ಥ ಹೇಳುವವರುಂಟು. ಸ್ತ್ರೀಯು ಬೋಧಿಸಕೂಡದೆಂಬ ತಿಮೊಥೆಯನ ಪತ್ರಿಕೆಯ ವಾಕ್ಯವೂ ಉಂಟು. ಆದಕಾರಣ ಈ ಒಂದು ನಾಮದಿಂದ ವಿವಾದವು ತೀರದು. ಆದರೆ ಪೌಲನು ಹೆಸರಿಸಿದ ಸ್ತ್ರೀಯನ್ನು ಪುರುಷನನ್ನಾಗಿಸಿ ಅದನ್ನು ತೀರಿಸುವ ಮಾರ್ಗವು ಇನ್ನು ಮುಚ್ಚಿದೆ.