ಕಾಡಿನ ಗಾರ್ಡು ದಕ್ಕೆಗೆ ಬಂದ ಕಥೆ

ಮಂಗಳೂರಿನ ಬಂದರ್ ಅಂದರೆ ನಮಗೆ ನೆನಪಾಗುವುದು ದಕ್ಕೆ, ಮೀನಿನ ಏಲಂ, ಐಸ್ ತುಂಬಿದ ಲಾರಿ, ಲಕ್ಷದ್ವೀಪಕ್ಕೆ ಸಾಮಾನು ಹೇರಿಕೊಂಡು ಹೊರಡುವ ಮಂಜಿ. ಫಾರೆಸ್ಟಿನವರು ಯಾರ ನೆನಪಿಗೂ ಬರುವುದಿಲ್ಲ. ಅವರು ಇರಬೇಕಾದದ್ದು ಚಾರ್ಮಾಡಿಯಲ್ಲಿ, ಸುಬ್ರಹ್ಮಣ್ಯದ ಕಾಡಿನಲ್ಲಿ, ಕುದುರೆಮುಖದಲ್ಲಿ. ಸಮುದ್ರದ ಬದಿಯಲ್ಲಿ ಅವರಿಗೇನು ಕೆಲಸ?

ಕೆಲಸ ಇದೆ. ದಕ್ಕೆಯಲ್ಲಿ ಇಳಿಯುವ ಕೆಲವು ಮೀನುಗಳು ಕಾನೂನಿನ ಲೆಕ್ಕದಲ್ಲಿ ಹುಲಿ, ಆನೆಗೆ ಸಮ. ಅವುಗಳ ವಿಷಯದಲ್ಲಿ ಕೇಸು ಹಾಕುವವರು ಅರಣ್ಯ ಇಲಾಖೆಯವರೇ. ಇನ್ನೊಂದು ಮಾತು. ನಮ್ಮ ಕಡೆಯ ಕಾಡಿಗೆ ಸರಕಾರದ ಕಾವಲುಗಾರ ಬಂದದ್ದೇ ಹಡಗಿನ ಕಾರಣದಿಂದ. ಆದ್ದರಿಂದ ಗಾರ್ಡು ಬಂದರಿಗೆ ಬಂದದ್ದು ಒಂದು ರೀತಿಯಲ್ಲಿ ತಿರುಗಿ ಬಂದ ಹಾಗೆ.

ಸುಮಾರು 220 ವರ್ಷ ಹಿಂದಿನ ಮಾತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಹೈದರ್ ಮತ್ತು ಟಿಪ್ಪು ಮಂಗಳೂರಿನಲ್ಲಿ ಹಡಗು ಕಟ್ಟಿಸುತ್ತಿದ್ದರು, ಘಟ್ಟದ ಸಾಗುವಾನಿ ಎಷ್ಟು ಗಟ್ಟಿ ಎಂದು ಅವರಿಗೂ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಯುದ್ಧದ ಹಡಗಿಗೆ ಬೇಕಾದ ಓಕ್ ಮರ ಸಾಲುತ್ತಿರಲಿಲ್ಲ. ನೆಪೋಲಿಯನ್ ಜೊತೆ ಯುದ್ಧ ನಡೆದಿತ್ತು. ಕಂಪೆನಿಯ ಕಣ್ಣು ಪಡುವಣ ಘಟ್ಟದ ಸಾಗುವಾನಿಯ ಮೇಲೆ ಬಿತ್ತು. 1806ರಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್ ಮತ್ತು ತಿರುವಾಂಕೂರಿನ ಕಾಡುಗಳ ಕನ್ಸರ್ವೇಟರ್ ಆಗಿ ನೇಮಿಸಿದರು. ಭಾರತದಲ್ಲಿ ಆ ಹೆಸರಿನ ಹುದ್ದೆ ಅದೇ ಮೊದಲು. ಮರುವರ್ಷ ಸಾಗುವಾನಿ ಮರದ ಹಕ್ಕೆಲ್ಲ ಸರಕಾರದ್ದು, ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ ಎಂಬ ಘೋಷಣೆ ಬಂತು.

ಆ ಮರ ಏನಾಯಿತು ಎಂದು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಮಲಬಾರಿನ ಸಾಗುವಾನಿಯಿಂದ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧದ ಹಡಗು ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಈಗಲೂ ತೇಲುತ್ತಾ ಇದೆ.

ವಾಟ್ಸನ್ನನ ಜನ ಮರದ ವ್ಯಾಪಾರಿಗಳನ್ನು ಕಾಡಿದರು, ಕಾಡಿನ ಯಜಮಾನರನ್ನು ಕಾಡಿದರು, ಕೊನೆಗೆ ಸೌದೆ ಕಡಿಯುವ ರೈತರನ್ನೂ ಬಿಡಲಿಲ್ಲ. ದೂರುಗಳು ರಾಶಿ ಬಿದ್ದವು. 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಈ ಮನ್ರೋ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನು, ಇಲ್ಲಿನ ರೈತರ ಸಿಟ್ಟು ಹೇಗಿರುತ್ತದೆ ಎಂದು ಸ್ವತಃ ಕಂಡವನು. ಕಾಡು ಕಾಯುವ ಇಲಾಖೆಯ ಚರಿತ್ರೆಯಲ್ಲಿ ಮೊದಲ ಅಧ್ಯಾಯವೇ ಜನರ ಸಿಟ್ಟಿನಿಂದ ಮುಚ್ಚಿಹೋಯಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹುದ್ದೆ ಹೋದರೂ ಮರದ ಆಸೆ ಹೋಗಲಿಲ್ಲ. 1856ರಲ್ಲಿ ಕ್ಲೆಗ್‌ಹಾರ್ನ್ ಎಂಬ ಡಾಕ್ಟರ್ ಮದ್ರಾಸ್ ಪ್ರಾಂತ್ಯದ ಕನ್ಸರ್ವೇಟರ್ ಆದ. ಕಾಡು ಸುಟ್ಟು ರಾಗಿ, ಭತ್ತ ಬಿತ್ತುವ ಕುಮರಿ ಬೇಸಾಯ ಅವನ ಕಣ್ಣಿಗೆ ದೊಡ್ಡ ಅಪರಾಧವಾಗಿ ಕಂಡಿತು. 1860ರಲ್ಲಿ ಸರಕಾರಿ ಕಾಡಿನಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡುವುದನ್ನು ನಿಲ್ಲಿಸಿದರು. ಬೇರೆ ಗದ್ದೆ ಇಲ್ಲದ ಮಲೆಕುಡಿಯರಂಥವರಿಗೆ ಅದು ಹೊಟ್ಟೆಯ ಪ್ರಶ್ನೆ. 1865ರಲ್ಲಿ ಬಾಸೆಲ್ ಮಿಷನ್ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದೆಯೇ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಚಿಮಣಿಗಳು ಎದ್ದವು. ಹಂಚು ಬಂದರಿನಿಂದ ದೂರದೂರಿಗೆ ಹೋಯಿತು, ಅದನ್ನು ಸುಡುವ ಸೌದೆ ಮೇಲಿನ ಕಾಡಿನಿಂದ ಬಂತು. ಒಬ್ಬ ಮಲೆಕುಡಿಯ ಸುಟ್ಟರೆ ಅಪರಾಧ, ಒಲೆಗೂಡಿನಲ್ಲಿ ಸುಟ್ಟರೆ ಉದ್ಯಮ. ಆಗಿನ ಲೆಕ್ಕ ಹಾಗಿತ್ತು.

1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ರಿಸರ್ವ್ ಫಾರೆಸ್ಟ್, ಗಡಿಕಲ್ಲು, ಬೀಟ್ ಎಲ್ಲ ನಮ್ಮ ಜಿಲ್ಲೆಗೆ ಬಂದವು. ವರ್ಗದ ಜಾಗದ ಸುತ್ತ ನೂರು ಗಜದವರೆಗಿನ ಕುಮ್ಕಿಯಲ್ಲಿ ಸೊಪ್ಪು, ಸೌದೆ ತೆಗೆಯುವ ಸೌಲಭ್ಯ ಮಾತ್ರ ಉಳಿಯಿತು. ಇಂದಿಗೂ ಕುಮ್ಕಿ ಅಂದರೆ ತಾಲೂಕು ಆಫೀಸಿನಲ್ಲಿ ಜಗಳ ಮುಗಿದಿಲ್ಲ.

ಇಷ್ಟೆಲ್ಲ ಆಗುವಾಗ ಪ್ರಾಣಿಗಳ ಗತಿ ಏನು? ಗಾರ್ಡು ಕಾಯುತ್ತಿದ್ದದ್ದು ಮರ. ಹುಲಿ, ಚಿರತೆ ಕೊಂದವರಿಗೆ ಸರಕಾರವೇ ಇನಾಮು ಕೊಡುತ್ತಿತ್ತು. ಮೊದಲು ರಕ್ಷಣೆ ಸಿಕ್ಕಿದ್ದು ಆನೆಗೆ. 1873ರಲ್ಲಿ ಮದ್ರಾಸ್ ಸರಕಾರ ಕಾಡಾನೆ ಕೊಲ್ಲುವುದನ್ನು ತಡೆಯುವ ಕಾಯ್ದೆ ತಂದಿತು. ಮರ ಎಳೆಯಲು, ತೋಪು ಎಳೆಯಲು ಆನೆ ಬೇಕಿತ್ತು, ದಯೆಯ ಮಾತು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ನೀಲಗಿರಿಯಲ್ಲಿ ಬಿಳಿಯ ಶಿಕಾರಿಯವರು 1877ರಲ್ಲಿ ಒಂದು ಗೇಮ್ ಅಸೋಸಿಯೇಶನ್ ಕಟ್ಟಿಕೊಂಡರು. 1879ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಶಿಕಾರಿಗೆ ಲೈಸೆನ್ಸ್, ಮರಿ ಹಾಕುವ ತಿಂಗಳಲ್ಲಿ ಶಿಕಾರಿ ಬಂದ್. ಗೇಮ್ ವಾರ್ಡನ್ ಎಂಬ ಕಲ್ಪನೆ ನಮ್ಮ ಕಡೆಗೆ ಬಂದದ್ದು ಇಂಥ ದಾರಿಯಲ್ಲಿ. ಸಾಹೇಬನಿಗೆ ಮುಂದಿನ ವರ್ಷವೂ ಹೊಡೆಯಲು ಪ್ರಾಣಿ ಉಳಿದಿರಬೇಕು, ಅದಕ್ಕಾಗಿ ಕಾವಲು. 1912ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಕಾಡು ಹಕ್ಕಿ ಮತ್ತು ಪ್ರಾಣಿಗಳ ಕಾಯ್ದೆ ಬಂದಾಗಲೂ ಧಾಟಿ ಅದೇ.

ತುಳುನಾಡಿನಲ್ಲಿ ಕೆಡ್ಡಸದ ದಿನ ಊರವರು ಸೇರಿ ಬೋಂಟೆಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಸಾಹೇಬ ಮಾಡಿದರೆ ಸ್ಪೋರ್ಟ್, ಊರವರು ಮಾಡಿದರೆ ಕಳ್ಳಬೇಟೆ ಎಂಬ ಭಾವನೆ ಊರಿನಲ್ಲಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಲೆಕ್ಕವನ್ನು ಬುಡಮೇಲು ಮಾಡಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮುಖ್ಯ ವನ್ಯಜೀವಿ ಪರಿಪಾಲಕರು, ವನ್ಯಜೀವಿ ಪರಿಪಾಲಕರು ಎಂಬ ಹುದ್ದೆಗಳು ಬಂದವು. ಪ್ರಾಣಿಯನ್ನು ಅದರ ಜೀವಕ್ಕಾಗಿಯೇ ಕಾಯಬೇಕು ಎಂದಾಯಿತು. ನನ್ನ ಮಟ್ಟಿಗೆ ಸ್ವತಂತ್ರ ಭಾರತ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಆದರೆ ಅದನ್ನು ಜಾರಿ ಮಾಡಬೇಕಾದವನು ಅದೇ ಹಳೆಯ ಗಾರ್ಡು. ಹಿಂದೆ ಲಾಠಿ ಹಿಡಿದು ಸೌದೆ ತಡೆದವನು ಈಗ ಕೋವಿ ಹಿಡಿದವರನ್ನು ತಡೆಯಬೇಕು. ಸಂಬಳ ಸಣ್ಣದು, ಮನೆ ದೂರ, ಹಿಡಿಯಬೇಕಾದವನು ಎಷ್ಟೋ ಸಲ ಪಕ್ಕದ ಊರಿನವನು.

ಈ ಕೆಲಸದ ಬೆಲೆ ಏನೆಂದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ನಾಗರಹೊಳೆಯಲ್ಲಿ ವರ್ಷಗಟ್ಟಲೆ ಕಳ್ಳಬೇಟೆಯವರ ಬೆನ್ನು ಹತ್ತಿದ ರೇಂಜರ್ ಕೆ.ಎಂ. ಚಿಣ್ಣಪ್ಪ ಜೈಲು ಕಂಡರು, 1992ರ ಗಲಾಟೆಯಲ್ಲಿ ಕಾಡಿಗೆ ಬೆಂಕಿ ಬಿದ್ದದ್ದನ್ನೂ ಕಂಡರು. ಅದಕ್ಕೆ ಒಂದು ವರ್ಷ ಮೊದಲು, 1991ರ ನವೆಂಬರ್ 10ರಂದು, ಡಿಸಿಎಫ್ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಶರಣಾಗುತ್ತೇನೆಂದು ನಂಬಿಸಿ ಕರೆಸಿ ಕೊಂದ. ಶ್ರೀನಿವಾಸ್ ವೀರಪ್ಪನ ಊರಾದ ಗೋಪಿನಾಥಂನಲ್ಲಿಯೇ ಇದ್ದು, ಅಲ್ಲಿನವರಿಗೆ ಔಷಧ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿದವರು. ಬಂದೂಕಿಗಿಂತ ಮೊದಲು ಊರನ್ನು ಗೆಲ್ಲಬೇಕು ಎಂದು ಹೊರಟ ಅಧಿಕಾರಿ. ಊರು ಅವರನ್ನು ಮರೆತಿಲ್ಲ. ಸರಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು.

ಇನ್ನು ಬಂದರಿಗೆ ಬರೋಣ. 1972ರ ಕಾಯ್ದೆಯಲ್ಲಿ ವನ್ಯಜೀವಿ ಎಂಬ ಪದದ ಅರ್ಥದೊಳಗೆ ಮೀನೂ ಸೇರಿತ್ತು. ಆದರೆ ಪಟ್ಟಿಯಲ್ಲಿ ಒಂದು ಮೀನಿನ ಹೆಸರೂ ಇರಲಿಲ್ಲ. ಕಡಲಾಮೆ, ತಿಮಿಂಗಿಲ ಪಟ್ಟಿಗೆ ಸೇರಿದ್ದರೂ ದಕ್ಕೆಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಇಪ್ಪತ್ತೊಂಬತ್ತು ವರ್ಷ ಹೀಗೇ ನಡೆಯಿತು. 1974ರಲ್ಲಿ ಪಣಂಬೂರಿನ ನವ ಮಂಗಳೂರು ಬಂದರು ಪ್ರಧಾನ ಬಂದರು ಎನಿಸಿಕೊಂಡಿತು, ದೊಡ್ಡ ಹಡಗುಗಳು ಅಲ್ಲಿಗೆ ಹೋದವು, ಹಳೆ ಬಂದರಿನಲ್ಲಿ ಮೀನುಗಾರಿಕೆಯೇ ಮುಖ್ಯವಾಯಿತು. ಟ್ರಾಲ್ ಬೋಟು, ಪರ್ಸೀನ್ ಬೋಟು ಹೆಚ್ಚಾದವು.

ಬದಲಾವಣೆ ಶುರುವಾದದ್ದು ಗುಜರಾತಿನಿಂದ. ವೆರಾವಲ್ ಕಡೆ ತಿಮಿಂಗಿಲ ಶಾರ್ಕ್ ಎಂಬ ದೈತ್ಯ ತಾಟೆಯನ್ನು ಕೊಕ್ಕೆ ಹಾಕಿ ಹಿಡಿದು ಎಣ್ಣೆ, ಮಾಂಸ, ರೆಕ್ಕೆಗಾಗಿ ಕಡಿಯುತ್ತಿದ್ದರು. ಮೈಕ್ ಪಾಂಡೆ ಅದನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. 2001ರ ಮೇ ತಿಂಗಳಲ್ಲಿ ಆ ಮೀನು ಕಾಯ್ದೆಯ ಮೊದಲ ಶೆಡ್ಯೂಲ್‌ಗೆ ಸೇರಿತು. ಭಾರತದಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಪಡೆದ ಮೊದಲ ಮೀನು ಅದು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಜುಲೈಯಲ್ಲಿ ದೆಹಲಿಯವರು ಒಂದೇ ಆದೇಶದಲ್ಲಿ ಎಲ್ಲ ಜಾತಿಯ ತಾಟೆ, ಎಲ್ಲ ಜಾತಿಯ ತೊರಕೆಯನ್ನೂ ಪಟ್ಟಿಗೆ ಸೇರಿಸಿಬಿಟ್ಟರು! ಸ್ವಲ್ಪ ಯೋಚನೆ ಮಾಡಿ. ಕರಾವಳಿಯ ಮನೆಮನೆಯಲ್ಲಿ ಸಾರು ಮಾಡುವ ಮರಿ ತಾಟೆ, ತೊರಕೆ ರಾತ್ರೋರಾತ್ರಿ ಹುಲಿಯ ಸಾಲಿಗೆ ಹೋದವು. ದೇಶದ ಎರಡೂ ಕರಾವಳಿಯಲ್ಲಿ ಮೀನುಗಾರರು ವಿರೋಧಿಸಿದರು. ಐದು ತಿಂಗಳಲ್ಲಿ, ಅದೇ ಡಿಸೆಂಬರಿನಲ್ಲಿ, ಪಟ್ಟಿ ಹತ್ತು ಜಾತಿಗೆ ಇಳಿಯಿತು. ತಿಮಿಂಗಿಲ ಶಾರ್ಕ್, ಗರಗಸ ಮೀನಿನ ಜಾತಿಗಳು, ಕೆಲವು ಅಪರೂಪದ ತಾಟೆ, ತೊರಕೆಗಳು ಉಳಿದವು. ಅದೇ ವರ್ಷ ಕಡಲ ಸೌತೆ ಎಂದು ಕರೆಯುವ ಜೀವಿಯೂ ಸೇರಿತು. ಲಕ್ಷದ್ವೀಪದ ಸುತ್ತ ಅದನ್ನು ಕದ್ದು ಹಿಡಿಯುವ ದಂಧೆ ಇರುವುದರಿಂದ, ಲಕ್ಷದ್ವೀಪದ ಸರಕು ಏರಿಳಿಯುವ ನಮ್ಮ ಬಂದರಿಗೂ ಅದು ಸಂಬಂಧಪಟ್ಟ ವಿಷಯ.

1823ರ ಪಾಠ ನೆನಪಿದೆಯಲ್ಲ? ಕೇಳದೆ ಮಾಡಿದ ಕಾನೂನು ವಾಟ್ಸನ್ನನ ಕಾಲದಲ್ಲಿ ಬಿದ್ದುಹೋಗಲು ಹದಿನೇಳು ವರ್ಷ ಬೇಕಾಯಿತು, ಈ ಸಲ ಐದೇ ತಿಂಗಳು ಸಾಕಾಯಿತು. ಹತ್ತು ಜಾತಿಯ ಪಟ್ಟಿ ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಗರಗಸ ಮೀನನ್ನು ನಮ್ಮ ವಯಸ್ಸಿನವರು ಎಷ್ಟು ಮಂದಿ ನೋಡಿದ್ದೇವೆ? ಆದರೆ ಪಟ್ಟಿಯನ್ನು ದಕ್ಕೆಯವರಿಗೆ ಅವರ ಭಾಷೆಯಲ್ಲಿ, ಅವರ ಹೆಸರುಗಳಲ್ಲಿ ಮುಟ್ಟಿಸುವ ಕೆಲಸ ಇನ್ನೂ ಬಾಕಿ ಇದೆ.

ಅದಕ್ಕೆ ಸಾಕ್ಷಿ 2021ರ ಮಾರ್ಚ್‌ನಲ್ಲಿ ಮಲ್ಪೆಯಲ್ಲಿ ಸಿಕ್ಕಿತು. ಸುಮಾರು 250 ಕೆಜಿಯ ಗರಗಸ ಮೀನು ಬಲೆಗೆ ಬಿದ್ದಿತ್ತು. ಕ್ರೇನಿನಲ್ಲಿ ಎತ್ತಿದರು, ಜನ ಸುತ್ತ ನಿಂತು ಫೋಟೋ ತೆಗೆದರು, ವಿಡಿಯೋ ಎಲ್ಲರ ಫೋನಿಗೂ ಬಂತು. ಮುಚ್ಚಿಡುವ ಯೋಚನೆಯೇ ಅಲ್ಲಿ ಕಾಣಲಿಲ್ಲ. ತಪ್ಪು ಎಂದು ಗೊತ್ತಿದ್ದರೆ ಯಾರಾದರೂ ಕ್ರೇನಿನಲ್ಲಿ ನೇತುಹಾಕಿ ತೋರಿಸುತ್ತಾರೆಯೇ?

ಗೊತ್ತಿರಲಿಲ್ಲ ಎಂದರೆ ಕೋರ್ಟು ಕೇಳುವುದಿಲ್ಲ. ಮೊದಲ ಶೆಡ್ಯೂಲಿನ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. 2023ರ ಏಪ್ರಿಲ್ 1ರಿಂದ ಕನಿಷ್ಠ ದಂಡ 25,000 ರೂಪಾಯಿ. ಕೈಯಲ್ಲಿ ಮಾಲು ಸಿಕ್ಕಿದರೆ ಅದು ಅಕ್ರಮವಲ್ಲ ಎಂದು ಸಾಬೀತು ಮಾಡಬೇಕಾದವನು ಆರೋಪಿಯೇ. ಸಂರಕ್ಷಿತ ಮೀನು ಬಲೆಗೆ ಬಂದರೆ ಬಲೆ ಕತ್ತರಿಸಿ ನೀರಿಗೆ ಬಿಡುವುದೇ ದಾರಿ. ದಡಕ್ಕೆ ತಂದು ಏಲಂಗೆ ಇಟ್ಟ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ. ಕತ್ತರಿಸಿದ ಬಲೆಗೆ ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಬಿಟ್ಟವರಿಗೆ ಪರಿಹಾರ ಕೊಟ್ಟಿದ್ದಾರೆ. ಬಲೆಯ ಬೆಲೆ ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಗಾರ್ಡಿನ ಕಡೆಯಿಂದಲೂ ನೋಡೋಣ. ಈಗ ಅವನ ಹುದ್ದೆಯ ಹೆಸರು ಗಸ್ತು ಅರಣ್ಯ ಪಾಲಕ. ಅವನ ತರಬೇತಿ ಬಹುಪಾಲು ಮರ, ನರ್ಸರಿ, ಗಡಿ, ಬೆಂಕಿಯ ಬಗ್ಗೆ. ದಕ್ಕೆಯಲ್ಲಿ ಅವನ ಮುಂದಿರುವುದು ಐಸಿನಲ್ಲಿ ಹೂತ ಬುಟ್ಟಿಗಳು. ಮಾರಬಹುದಾದ ತೊರಕೆ ಯಾವುದು, ಮುಟ್ಟಬಾರದ ತೊರಕೆ ಯಾವುದು? ರೆಕ್ಕೆ ಕಡಿದು ಒಣಗಿಸಿದ್ದರೆ ಇನ್ನೂ ಕಷ್ಟ. ಅದಕ್ಕೇ ತಾಟೆಯ ರೆಕ್ಕೆಯನ್ನು ಸಮುದ್ರದಲ್ಲಿ ಕಡಿಯಬಾರದು, ಇಡೀ ಮೀನನ್ನೇ ದಡಕ್ಕೆ ತರಬೇಕು ಎಂದು 2013ರಲ್ಲಿ ನಿಯಮ ಬಂತು. 2015ರಲ್ಲಿ ರೆಕ್ಕೆಯ ರಫ್ತನ್ನೇ ನಿಲ್ಲಿಸಿದರು. ಜಾತಿ ಗುರುತಿಸಲು ಮಂಗಳೂರಿನಲ್ಲಿ ಬಲ್ಲವರಿದ್ದಾರೆ. 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಆದರೆ ಏಲಂ ಮುಗಿಯುವುದು ನಿಮಿಷಗಳಲ್ಲಿ. ಗುರುತು, ಮಹಜರು, ಸಾಕ್ಷಿ ಸಹಿ, ಮಾಲು ಕೆಡದ ಹಾಗೆ ಇಡುವುದು, ಆಮೇಲೆ ಕೋರ್ಟಿಗೆ ದೂರು. ಹುಲಿಯ ಉಗುರು ವರ್ಷಗಟ್ಟಲೆ ಕಪಾಟಿನಲ್ಲಿರುತ್ತದೆ, ಮೀನು ಸಂಜೆಗೆ ನಾರುತ್ತದೆ.

ಮೀನು ಹಿಡಿಯುವ ನಿಯಮ, ಮಳೆಗಾಲದ ರಜೆ ಎಲ್ಲ ನೋಡಿಕೊಳ್ಳುವುದು ಮೀನುಗಾರಿಕೆ ಇಲಾಖೆ, ಅದಕ್ಕೆ 1986ರ ಬೇರೆಯೇ ಕಾಯ್ದೆ. ಒಂದೇ ಬೋಟಿನ ಮೇಲೆ ಎರಡು ಇಲಾಖೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದು ಕೋಸ್ಟ್ ಗಾರ್ಡ್, ಕಸ್ಟಮ್ಸ್ ಅಧಿಕಾರಿಗಳಿಗೂ ತಪಾಸಣೆ, ಬಂಧನದ ಅಧಿಕಾರ ಕೊಟ್ಟರು. ಕಡಲಿನಲ್ಲಿ ಗಡಿಕಲ್ಲು ಇಲ್ಲ, ಜೀಪು ಓಡುವುದಿಲ್ಲ, ಇದು ಬೇಕಾಗಿದ್ದ ತಿದ್ದುಪಡಿ.

2021ರಿಂದೀಚೆಗೆ ಮಂಗಳೂರು ಸುತ್ತಮುತ್ತ ಹೊಸ ರೀತಿಯ ಕೇಸು ಶುರುವಾಗಿದೆ, ತಿಮಿಂಗಿಲ ವಾಂತಿ ಎಂದು ಪೇಪರಿನಲ್ಲಿ ಬರುತ್ತದಲ್ಲ, ಆ ಅಂಬರ್‌ಗ್ರೀಸ್. ಕೋಟಿ ಬೆಲೆ ಎಂಬ ಆಸೆಗೆ ಬಿದ್ದು ಸಿಕ್ಕಿಬೀಳುವವರು ಬಹಳ. ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ದಡದಲ್ಲಿ ಸಿಕ್ಕಿದರೆ ಅರಣ್ಯ ಇಲಾಖೆಗೆ ಕೊಟ್ಟುಬಿಡಿ, ವಾಟ್ಸಾಪಿನಲ್ಲಿ ಗಿರಾಕಿ ಹುಡುಕಬೇಡಿ.

ಬಂದರಿನಿಂದ ದೋಣಿ ಹತ್ತಿ ಹೊಳೆ ದಾಟಿದರೆ ಬೆಂಗ್ರೆ. ಅದರ ಉತ್ತರಕ್ಕೆ ತಣ್ಣೀರುಬಾವಿ, ಇನ್ನೂ ಮುಂದೆ ಸಸಿಹಿತ್ಲು. 2024ರ ಆರಂಭದಲ್ಲಿ ಮಂಗಳೂರಿನ ಈ ದಂಡೆಯಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆಯಿಟ್ಟವು. ಒಂದು ಕಾಲದಲ್ಲಿ ಕರಾವಳಿಯಲ್ಲಿ ಆಮೆ ಮೊಟ್ಟೆ ಅಗೆದು ತಿನ್ನುವುದು, ಮಾರುವುದು ಸಾಮಾನ್ಯ. ಆಮೆಯನ್ನು ಕೂರ್ಮಾವತಾರ ಎಂದು ಕೈಮುಗಿದು ಬಲೆಯಿಂದ ಬಿಡುವ ಮೀನುಗಾರರೂ ಇದ್ದರು, ಇದ್ದಾರೆ. ಈ ಸಲ ಗೂಡಿಗೆ ಬೇಲಿ ಕಟ್ಟಿ ಅರಣ್ಯ ಇಲಾಖೆಯವರು ಮತ್ತು ದಂಡೆಯ ಊರವರು ಕಾದರು. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಒಡೆಯಲು ಒಂದೂವರೆ ಎರಡು ತಿಂಗಳು. ಅಷ್ಟು ದಿನವೂ ನಾಯಿ, ನರಿಗಳನ್ನು ಓಡಿಸುತ್ತಾ ರಾತ್ರಿ ಕಾವಲು.

ಮೊಟ್ಟೆಯೊಡೆದು ಬಂದ ಮರಿ ಬೆಳಕು ಹೆಚ್ಚಿರುವ ಕಡೆಗೆ ತೆವಳುತ್ತದೆ. ಕತ್ತಲೆಯ ದಂಡೆಯಲ್ಲಿ ಬೆಳಕಿರುವುದು ಸಮುದ್ರದ ಕಡೆ. ಬೆಂಗ್ರೆಯಲ್ಲಿ ಹಾಗಲ್ಲ, ಬೆನ್ನ ಹಿಂದೆ ಬಂದರಿನ ದೀಪಗಳಿವೆ, ಇಡೀ ಮಂಗಳೂರು ಇದೆ. ಗಾರ್ಡು ಟಾರ್ಚ್ ಆರಿಸಿ, ಮರಿಗಳು ಹಿಂದೆ ತಿರುಗದ ಹಾಗೆ ಅಡ್ಡ ನಿಲ್ಲಬೇಕು, ಕೊನೆಯ ಮರಿ ನೀರು ಮುಟ್ಟುವವರೆಗೆ.