ವೈರ್‌ಲೆಸ್ ಕಾರ್ಡಿಗೆ ಡ್ರೈವರ್ ಬಂದ ಕಥೆ

ಅಂತರ್ಜಾಲಕ್ಕೆ ಹೋಗಲು ಡ್ರೈವರ್ ಬೇಕು, ಆದರೆ ಡ್ರೈವರ್ ಇರುವುದು ಅಂತರ್ಜಾಲದಲ್ಲಿ! 2000ದ ದಶಕದಲ್ಲಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಬಹಳ ಜನರಿಗೆ ಈ ಒಗಟು ಗೊತ್ತು. ಪೆನ್‌ಡ್ರೈವ್ ಹಿಡಿದುಕೊಂಡು ಸೈಬರ್ ಕೆಫೆಗೆ ಓಡಿದವರಲ್ಲಿ ನಾನೂ ಒಬ್ಬ. ನನ್ನ ಕಾರ್ಡು ಯಾವ ಕಂಪನಿಯದು ಅನ್ನುವುದು ಬಿಡಿ, ಅದು ದೊಡ್ಡ ಕಥೆಯೇನಲ್ಲ. ದೊಡ್ಡ ಕಥೆ ಬ್ರಾಡ್‌ಕಾಮ್ ಚಿಪ್ಪುಗಳದ್ದು.

ಡ್ರೈವರ್ ಅನ್ನು ಕನ್ನಡದಲ್ಲಿ ‘ಚಾಲಕ’ ಎಂದರೆ ನನಗೆ ಬಸ್ಸೇ ನೆನಪಾಗುತ್ತದೆ :) ಆದರೂ ಹೋಲಿಕೆ ತಪ್ಪಲ್ಲ. ಯಾವ ಗುಂಡಿ ಒತ್ತಿದರೆ ಚಿಪ್ಪು ಏನು ಮಾಡುತ್ತದೆ ಎಂಬುದು ತಿಳಿಯದೆ ಗಾಡಿ ಹೊರಡದು. ಅದನ್ನು ಹೇಳುವ ದಾಖಲೆಯನ್ನು ಬ್ರಾಡ್‌ಕಾಮ್ ಹೊರಗೆ ಕೊಟ್ಟಿರಲಿಲ್ಲ.

ಆಗ ನಡೆಯುತ್ತಿದ್ದ ಉಪಾಯ ಎನ್‌ಡಿಐಎಸ್ ರ‍್ಯಾಪರ್. ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ತಂದು, ‘ನೀನು ಇರುವುದು ವಿಂಡೋಸ್‌ನಲ್ಲೇ’ ಎಂದು ಅದನ್ನು ನಂಬಿಸಿ ಲಿನಕ್ಸ್ ಕರ್ನೆಲ್ಲಿನೊಳಗೆ ಓಡಿಸುವುದು. ಸಿಡಿಯಿಂದ ಐಎನ್‌ಎಫ್ ಮತ್ತು ಎಸ್‌ವೈಎಸ್ ಕಡತ ತೆಗೆದು, ಎರಡು ಮೂರು ಆದೇಶ ಟೈಪಿಸಿದರೆ ಕಾರ್ಡಿನ ದೀಪ ಹತ್ತುತ್ತಿತ್ತು. ಒಳಗೇನು ನಡೆಯುತ್ತಿದೆ ಎಂದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಜೊತೆಗೆ ಆ ಡ್ರೈವರ್ ಇಂಟೆಲ್ ಬಗೆಯ ಪ್ರೊಸೆಸರಿಗೆಂದೇ ಬರೆದದ್ದು. ಆಪಲ್‌ನ ಪವರ್‌ಬುಕ್, ಐಬುಕ್‌ಗಳಲ್ಲೂ ಬ್ರಾಡ್‌ಕಾಮ್ ಚಿಪ್ಪು ಇತ್ತು, ಆದರೆ ಪ್ರೊಸೆಸರ್ ಪವರ್‌ಪಿಸಿ. ಅವುಗಳಲ್ಲಿ ಲಿನಕ್ಸ್ ಹಾಕಿದವರಿಗೆ ಈ ಉಪಾಯವೂ ಇಲ್ಲ.

ಹಾಗಾಗಿ ಕೆಲವರು ಚಿಪ್ಪನ್ನೇ ಅರ್ಥಮಾಡಿಕೊಳ್ಳಲು ಹೊರಟರು. ತಮಾಷೆ ನೋಡಿ, ಬ್ರಾಡ್‌ಕಾಮ್ ಚಿಪ್ಪಿಗೆ ಲಿನಕ್ಸ್ ಡ್ರೈವರ್ ಆಗಲೇ ಇತ್ತು! ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೆ ಇರುವುದು ಲಿನಕ್ಸ್ ಎಂದು 2003ರಲ್ಲಿ ಗೊತ್ತಾಗಿ, ಜಿಪಿಎಲ್ ಪರವಾನಗಿಯ ಪ್ರಕಾರ ಅದರ ಮೂಲ ಕೋಡ್ ಹೊರಬಂದಿತ್ತು. ವೈರ್‌ಲೆಸ್ ಡ್ರೈವರ್ ಮಾತ್ರ ಬೈನರಿಯಾಗಿಯೇ ಉಳಿಯಿತು.

ಆ ಬೈನರಿಯನ್ನು ಒಂದು ಗುಂಪು ಬಿಚ್ಚಿ ಓದಿತು. ಯಾವ ರಿಜಿಸ್ಟರಿಗೆ ಯಾವ ಬೆಲೆ ಬರೆಯಬೇಕು, ಎಷ್ಟು ಕಾಯಬೇಕು, ಎಲ್ಲವನ್ನೂ ಮಾತಿನಲ್ಲಿ ವಿವರಿಸಿ ಬರೆದಿಟ್ಟಿತು. ಇನ್ನೊಂದು ಗುಂಪು ಆ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಕೋಡ್ ಬರೆಯಿತು. ನೋಡಿದವರು ಬರೆಯಬಾರದು, ಬರೆಯುವವರು ನೋಡಬಾರದು. ಕಾಪಿ ಹೊಡೆದಿರಿ ಎಂಬ ಆರೋಪ ಬರದಿರಲಿ ಅಂತ ಇಷ್ಟು ಮಡಿ. ಹೀಗೆ ಹುಟ್ಟಿದ ಬಿಸಿಎಂ43ಎಕ್ಸ್‌ಎಕ್ಸ್ ಡ್ರೈವರ್ 2006ರ ಜೂನ್‌ನಲ್ಲಿ ಲಿನಕ್ಸ್ 2.6.17ರ ಜೊತೆ ಬಂತು.

ಮರುವರ್ಷವೇ ಜಗಳ. ಓಪನ್‌ಬಿಎಸ್‌ಡಿಗೆ ಮಾರ್ಕಸ್ ಗ್ಲೋಕರ್ ಬರೆಯುತ್ತಿದ್ದ ಡ್ರೈವರಿನಲ್ಲಿ ತಮ್ಮ ಜಿಪಿಎಲ್ ಕೋಡ್ ಸೇರಿದೆ ಎಂದು ಲಿನಕ್ಸ್ ಕಡೆಯ ಮೈಕಲ್ ಬ್ಯೂಶ್ 2007ರ ಏಪ್ರಿಲ್‌ನಲ್ಲಿ ಬಹಿರಂಗವಾಗಿಯೇ ಬರೆದರು. ಇದನ್ನು ಖಾಸಗಿಯಾಗಿ ಹೇಳಬಹುದಿತ್ತಲ್ಲ ಎಂದು ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್ ಸಿಡುಕಿದರು. ಗ್ಲೋಕರ್ ಆ ಡ್ರೈವರನ್ನೇ ಕೈಬಿಟ್ಟರು. ನನ್ನ ಲೆಕ್ಕದಲ್ಲಿ ನ್ಯಾಯ ಬ್ಯೂಶ್ ಕಡೆಗಿತ್ತು, ಅಷ್ಟೊಂದು ಮಡಿಯಿಂದ ಮಾಡಿದ ಅಡುಗೆ ಅದು. ಆದರೂ ಮೊದಲು ಒಂದು ಖಾಸಗಿ ಪತ್ರ ಬರೆದಿದ್ದರೆ ಏನೂ ನಷ್ಟವಿರಲಿಲ್ಲ. ಚಿಪ್ಪಿನ ಗುಟ್ಟು ಬಿಟ್ಟುಕೊಡದ ಕಂಪನಿ ಪಕ್ಕದಲ್ಲೇ ಇರುವಾಗ, ಗುಟ್ಟು ಹುಡುಕುವವರೇ ಕಿತ್ತಾಡಿಕೊಂಡದ್ದು ಬೇಸರದ ವಿಷಯ.

2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಂದಿಗೆ ಬಿ43 ಎಂಬ ಹೊಸ ಡ್ರೈವರ್ ಬಂತು. 2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ತಾನೇ ತನ್ನ ಕೆಲವು ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಹಳೆಯ ಚಿಪ್ಪಿನವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಇನ್ನೊಂದು ಗಂಟು ಬಾಕಿಯಿತ್ತು, ಫರ್ಮ್‌ವೇರ್. ಚಿಪ್ಪಿನೊಳಗೇ ಓಡುವ ಈ ಪುಟ್ಟ ತಂತ್ರಾಂಶವನ್ನು ಹಂಚಲು ಅನುಮತಿಯಿಲ್ಲ. ಹಾಗಾಗಿ ಬ್ರಾಡ್‌ಕಾಮ್‌ನ ಡ್ರೈವರ್ ಕಡತದಿಂದ ಅದನ್ನು ಕತ್ತರಿಸಿಕೊಳ್ಳಬೇಕು. ಅದಕ್ಕೆಂದೇ ಬಿ43-ಎಫ್‌ಡಬ್ಲ್ಯುಕಟರ್ ಎಂಬ ಕತ್ತರಿ ಇದೆ. 2009ರಲ್ಲಿ ಇಟಲಿಯ ಬ್ರೆಶಾ ವಿಶ್ವವಿದ್ಯಾಲಯದವರು ಕೆಲವು ಚಿಪ್ಪುಗಳಿಗೆ ಮುಕ್ತ ಫರ್ಮ್‌ವೇರ್ ಬರೆದರು. ಉಳಿದವಕ್ಕೆ ಕತ್ತರಿಯೇ ಗತಿ. ಡೆಬಿಯನ್‌ನಲ್ಲಿ ಇದಕ್ಕೊಂದು ಪ್ಯಾಕೇಜ್ ಇದೆ, ಅನುಸ್ಥಾಪಿಸಿದರೆ ಕಡತ ತಂದು ಕತ್ತರಿಸುವ ಕೆಲಸವನ್ನೆಲ್ಲ ಅದೇ ಮಾಡುತ್ತದೆ. ಕಡತ ತರುವುದು ಎಲ್ಲಿಂದ? ಅಂತರ್ಜಾಲದಿಂದ! ಅಂಥ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಮೊದಲು ಒಂದು ನೆಟ್‌ವರ್ಕ್ ಕೇಬಲ್ ಹುಡುಕಿಕೊಳ್ಳಿ...