ಚರಿತ್ರೆಯಲ್ಲಿ ಕನಸಿನ ಸಾಕ್ಷ್ಯ

ಚರಿತ್ರಕಾರನ ಸಾಮಗ್ರಿಗಳನ್ನು ಎಣಿಸುವಾಗ ನಾವು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರಹ ಇವುಗಳನ್ನು ಹೆಸರಿಸುತ್ತೇವೆ, ಕನಸನ್ನು ಹೆಸರಿಸುವುದಿಲ್ಲ. ಆದರೂ ನಮ್ಮ ಸ್ಥಳಪುರಾಣಗಳನ್ನು ತೆರೆದರೆ ಮತ್ತೆ ಮತ್ತೆ ಕನಸೇ ಎದುರಾಗುತ್ತದೆ. ದೇವರು ಕನಸಿನಲ್ಲಿ ಬಂದು ತಾನಿರುವ ಎಡೆಯನ್ನು ತಿಳಿಸಿದನೆಂಬ ಕಥನವನ್ನು ಭಕ್ತನು ಸತ್ಯವೆಂದು ಸ್ವೀಕರಿಸುತ್ತಾನೆ. ಆಧುನಿಕ ವಿದ್ವಾಂಸನು ಕಟ್ಟುಕತೆಯೆಂದು ಬದಿಗಿಡುತ್ತಾನೆ. ಪರೀಕ್ಷಿಸುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ. ಕನಸು ಏಕೆ ಬೀಳುತ್ತದೆ, ಚರಿತ್ರೆಗೆ ಅದರಿಂದ ಏನಾದರೂ ದೊರೆತೀತೆ ಎಂಬ ಪ್ರಶ್ನೆಯನ್ನು, ನಾವು ಬಾಳುತ್ತಿರುವ ಈ ಮುಂಬಯಿಯ ಒಂದು ಐತಿಹ್ಯದಿಂದಲೇ ಆರಂಭಿಸಿ ವಿಚಾರಿಸಬಹುದಾಗಿದೆ.

ಇಂದು ಒಂದೇ ನೆಲವಾಗಿ ಕಾಣುವ ಮುಂಬಯಿ ಮೂಲದಲ್ಲಿ ಏಳು ದ್ವೀಪಗಳ ಗುಂಪು. ಮುಂಬಯಿ ದ್ವೀಪಕ್ಕೂ ವರಳಿ ದ್ವೀಪಕ್ಕೂ ನಡುವೆ ಇದ್ದ ಕಂಡಿಯ ಮೂಲಕ ಉಬ್ಬರದ ನೀರು ಒಳನುಗ್ಗಿ ನಡುವಣ ತಗ್ಗುನೆಲವನ್ನೆಲ್ಲ ಮುಳುಗಿಸುತ್ತಿತ್ತು. ಕ್ರಿ. ಶ. ೧೭೭೧ರಿಂದ ೧೭೮೪ರವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರನ್ನು ಹೊತ್ತ ಒಡ್ಡು ಈ ಕಂಡಿಯನ್ನು ಮುಚ್ಚಿತು. ಅದನ್ನು ‘ಹಾರ್ನ್‌ಬಿ ವೆಲ್ಲಾರ್ಡ್’ ಎಂದು ಕರೆದರು. ವೆಲ್ಲಾರ್ಡ್ ಎಂಬುದು ಪೋರ್ತುಗೀಜರ ‘ವಲ್ಲಾದೊ’ ಶಬ್ದದ ಅಪಭ್ರಂಶ. ಇಂದಿನ ಲಾಲಾ ಲಜಪತರಾಯ ಮಾರ್ಗ ಇದೇ.

ಈ ಒಡ್ಡಿನ ಬಗೆಗೆ ಹೇಳುವ ಐತಿಹ್ಯ ಪ್ರಸಿದ್ಧವಾದುದು. ಕಟ್ಟಿದ ಗೋಡೆ ಮತ್ತೆ ಮತ್ತೆ ಕುಸಿಯುತ್ತಿತ್ತಂತೆ. ಕೆಲಸದ ಹೊಣೆ ಹೊತ್ತಿದ್ದ ಪಾಠಾರೆ ಪ್ರಭು ಜಾತಿಯ ರಾಮಜಿ ಶಿವಜಿ ಪ್ರಭು ಎಂಬಾತನಿಗೆ ದೇವಿ ಕನಸಿನಲ್ಲಿ ಕಾಣಿಸಿಕೊಂಡು, ತನ್ನ ಮೂರ್ತಿಗಳು ವರಳಿಯ ಬಳಿ ಕಡಲೊಳಗಿವೆಯೆಂದೂ ಅವುಗಳನ್ನು ಮೇಲೆತ್ತಿ ಗುಡಿ ಕಟ್ಟಬೇಕೆಂದೂ ಅಪ್ಪಣೆ ಮಾಡಿದಳಂತೆ. ಮೂರ್ತಿಗಳು ದೊರೆತವು, ಒಡ್ಡು ನಿಂತಿತು, ಮಹಾಲಕ್ಷ್ಮಿಯ ಕ್ಷೇತ್ರ ಹುಟ್ಟಿತು. ಬಾಂದ್ರಾದ ಮೌಂಟ್ ಮೇರಿಯ ವಿಷಯದಲ್ಲಿಯೂ ಇದೇ ಮಾದರಿಯ ಕತೆಯಿದೆ: ಕಡಲಿನಲ್ಲಿ ಮೂರ್ತಿಯೊಂದು ದೊರೆಯುವುದೆಂದು ಕೋಳಿ ಬೆಸ್ತನೊಬ್ಬನಿಗೆ ಕನಸಾಯಿತು, ಮಾತೆಯ ವಿಗ್ರಹ ಅಲೆಯ ಮೇಲೆ ತೇಲಿಬಂದಿತು. ಮತಗಳು ಬೇರೆ, ಕಡಲೊಂದೇ, ಕನಸಿನ ಆಕಾರವೂ ಒಂದೇ.

ಈ ಆಕಾರ ನಮಗೆ ಹೊಸತಲ್ಲ. ಶ್ರವಣಬೆಳಗೊಳದ ಗೊಮ್ಮಟನ ಕತೆಯನ್ನು ಬಲ್ಲವರಿಗೆ ಚಾವುಂಡರಾಯನ ಕನಸೂ ಗೊತ್ತು. ತಾಯಿಯೊಡನೆ ಪೌದನಪುರದ ಬಾಹುಬಲಿಯ ದರ್ಶನಕ್ಕೆ ಹೊರಟ ರಾಯನಿಗೆ ಯಕ್ಷಿ ಕನಸಿನಲ್ಲಿ ಕಾಣಿಸಿಕೊಂಡು, ಚಿಕ್ಕಬೆಟ್ಟದಿಂದ ಇದಿರು ಬೆಟ್ಟಕ್ಕೆ ಬಾಣ ಬಿಡಲು ಹೇಳಿದಳು; ಬಾಣ ತಾಗಿದೆಡೆಯಲ್ಲಿ ಸ್ವಾಮಿಯ ರೂಪ ತೋರಿತು. ಆದರೆ ಇಲ್ಲಿ ನಮಗೊಂದು ಅನುಕೂಲವಿದೆ, ಬೆಳಗೊಳದಲ್ಲಿ ಶಾಸನಗಳಿವೆ. ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಬರಹಗಳು ಇದನ್ನು ಚಾವುಂಡರಾಯನು ಮಾಡಿಸಿದನೆಂದಷ್ಟೇ ಹೇಳುತ್ತವೆ. ಮೂರ್ತಿಯಾದ ಸುಮಾರು ಇನ್ನೂರು ವರ್ಷಗಳ ಮೇಲೆ, ಕ್ರಿ. ಶ. ೧೧೮೦ರ ಸುಮಾರಿಗೆ, ಬೊಪ್ಪಣ ಪಂಡಿತನು ರಚಿಸಿದ ಶಾಸನ ಕತೆಯನ್ನು ವಿಸ್ತರಿಸುತ್ತದೆ: ಪೌದನಪುರ ದೂರ, ದುರ್ಗಮ ಎಂದು ಹಿರಿಯರು ತಡೆದಾಗ, ಹಾಗಾದರೆ ಅಂಥ ದೇವನನ್ನು ಇಲ್ಲಿಯೇ ಮಾಡಿಸುವೆನೆಂದು ರಾಯನು ನಿಶ್ಚಯಿಸಿದನು. ಅಲ್ಲಿ ಯಕ್ಷಿಯಿಲ್ಲ, ಬಾಣವಿಲ್ಲ, ಕನಸಿಲ್ಲ. ಅವು ಕಾಣಬರುವುದು ಬಹುಕಾಲದ ಈಚಿನ ಕಾವ್ಯಗಳಲ್ಲಿ, ಸ್ಥಳಪುರಾಣದಲ್ಲಿ.

ಇದು ವಿಚಾರಾರ್ಹವಾದ ಸಂಗತಿ. ಮಾಡಿಸಿದವನ ಕಾಲಕ್ಕೆ ಕನಸಿನ ಅಗತ್ಯವಿರಲಿಲ್ಲ. ಅವನ ಅಧಿಕಾರ, ಧನ, ಸಂಕಲ್ಪಗಳೇ ಸಾಕಾಗಿದ್ದವು. ಆತನ ನೆನಪು ದೂರವಾದ ಮೇಲೆ ಜನರು ಬೇರೊಂದು ಪ್ರಶ್ನೆ ಕೇಳಿದರು: ಈ ಅದ್ಭುತ ಈ ಬೆಟ್ಟದ ಮೇಲೆಯೇ ಏಕೆ? ಅದಕ್ಕೆ ಉತ್ತರವಾಗಿ ಕನಸು ಬಂದಿತು. ಐತಿಹ್ಯದ ಕನಸು ದಾನಶಾಸನದ ಕೆಲಸವನ್ನು ಮಾಡುತ್ತದೆ: ಈ ನೆಲ ಈ ದೇವರದು, ಇದನ್ನು ಕೊಟ್ಟವರು ಅರಸರಲ್ಲ, ದೇವರೇ ಆರಿಸಿಕೊಂಡದ್ದು ಎಂದು ಸಾರುತ್ತದೆ. ಸಮುದ್ರದಿಂದ ಕಿತ್ತುಕೊಂಡ ಹೊಸ ನೆಲದಲ್ಲಿ, ಪರದೇಶೀಯರ ಆಳ್ವಿಕೆಯಲ್ಲಿ, ವರಳಿಯ ಐತಿಹ್ಯಕ್ಕೆ ಈ ಸಾರುವಿಕೆ ಎಷ್ಟು ಬೇಕಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಡ್ಡಿಗೆ ಗವರ್ನರನ ಹೆಸರು ಬಂದಿತು. ಅದು ನಿಂತ ಪುಣ್ಯ ಮಾತ್ರ ಕನಸು ಕಂಡವನಿಗೆ ಸಂದಿತು.

ಹಾಗಾದರೆ ರಾಮಜಿ ಪ್ರಭುವಿಗೆ ಕನಸೇ ಬೀಳಲಿಲ್ಲವೆ? ಹಾಗೆನ್ನಲು ನಮಗೆ ಅಧಿಕಾರವಿಲ್ಲ. ಕನಸಿನ ಶಾಸ್ತ್ರವೇ ಇಲ್ಲಿ ಎಚ್ಚರಿಕೆಯನ್ನು ಕಲಿಸುತ್ತದೆ. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದು ನಿಷ್ಫಲವೆಂದು ವೈದ್ಯನು ತಿಳಿಯಬೇಕೆಂಬುದು ಅಲ್ಲಿಯ ನಿರ್ಣಯ. ಭವಿಷ್ಯಸೂಚನೆಯನ್ನು ಪೂರ್ತಿಯಾಗಿ ನಿರಾಕರಿಸದಿದ್ದರೂ, ಬಹುಪಾಲು ಕನಸು ಹಗಲಿನ ಅನುಭವ ಮತ್ತು ಬಯಕೆಗಳ ಉಳಿಕೆಯೆಂದು ನಮ್ಮ ಪ್ರಾಚೀನ ವೈದ್ಯರು ಅರಿತಿದ್ದರು. ೧೯೦೦ರ ವರ್ಷವನ್ನು ಮುಖಪುಟದಲ್ಲಿ ಹೊತ್ತು ಪ್ರಕಟವಾದ ತನ್ನ ಗ್ರಂಥದಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡನು ಬಯಕೆಯನ್ನೇ ಮೂಲವೆಂದು ಹಿಡಿದು ಒಂದು ಸಿದ್ಧಾಂತವನ್ನು ಕಟ್ಟಿದನು.

ಪ್ರಯೋಗಶಾಲೆಯ ಸಾಕ್ಷ್ಯ ದೊರೆತದ್ದು ಇನ್ನೂ ಈಚೆಗೆ. ೧೯೫೩ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗಳು ವೇಗವಾಗಿ ಚಲಿಸುತ್ತವೆಂದೂ ಆಗ ಎಬ್ಬಿಸಿದವರು ಕನಸನ್ನು ಹೇಳುವುದು ಹೆಚ್ಚೆಂದೂ ತೋರಿಸಿದರು. ಈ ಅವಧಿ ಸುಮಾರು ೯೦ ನಿಮಿಷಗಳಿಗೊಮ್ಮೆ ಮರಳುತ್ತದೆ. ಆಗ ಭಾವೋದ್ವೇಗಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾಗಿದ್ದು, ವಿವೇಚನೆಯ ಭಾಗಗಳು ಮಂಕಾಗಿರುತ್ತವೆ. ಅದರಿಂದಲೇ ಕನಸಿನ ಅಸಂಗತ ನಮಗೆ ಅಸಂಗತವೆನಿಸುವುದಿಲ್ಲ. ನೆನಪುಗಳನ್ನು ನೆಲೆಗೊಳಿಸುವುದರಲ್ಲಿ ನಿದ್ರೆಗೆ ಪಾತ್ರವಿದೆಯೆಂಬುದು ಸಿದ್ಧವಾಗಿದೆ; ಕನಸಿನ ನಿಜವಾದ ಪ್ರಯೋಜನವೇನೆಂಬುದು ಮಾತ್ರ ಇಂದಿಗೂ ವಾದಗ್ರಸ್ತವೇ. ಚರಿತ್ರಕಾರನಿಗೆ ಮುಖ್ಯವಾದುದು ಮತ್ತೊಂದು ಮಾತು: ಎಚ್ಚತ್ತ ಕೆಲವೇ ನಿಮಿಷಗಳಲ್ಲಿ ಕನಸು ಕರಗಿಹೋಗುತ್ತದೆ. ಉಳಿಯುವುದು ಕನಸಲ್ಲ, ಕನಸಿನ ಹೇಳಿಕೆ. ದಿನದಿನವೂ ಕುಸಿಯುವ ಗೋಡೆಯನ್ನು ಕಾಣುತ್ತಿದ್ದವನಿಗೆ ಕಡಲು ಕನಸಿನಲ್ಲಿ ಬಂದರೆ ಆಶ್ಚರ್ಯವಿಲ್ಲ. ಆದರೆ ಅವನ ಹೇಳಿಕೆ ಬಾಯಿಂದ ಬಾಯಿಗೆ ಸಾಗಿ, ತಲೆಮಾರುಗಳ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡು ನಮ್ಮನ್ನು ಮುಟ್ಟಿದೆ.

ಹೇಳಿಕೆ ಬದಲಾಗದೆ ಉಳಿದ ಉದಾಹರಣೆಯೂ ಕರ್ನಾಟಕದಲ್ಲಿಯೇ ಇದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಅರಮನೆಯ ಗುಪ್ತ ಕಾಗದಪತ್ರಗಳ ನಡುವೆ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ನಿಗೆ ಒಂದು ದಫ್ತರು ದೊರೆಯಿತು. ಅದರಲ್ಲಿ ಸುಲ್ತಾನನು ತನ್ನ ೩೭ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದನು. ಆಪ್ತಸೇವಕನಾದ ಹಬೀಬುಲ್ಲಾನಿಗೆ ಇಂಥದೊಂದು ಬರಹವಿದೆಯೆಂದು ಗೊತ್ತಿತ್ತು; ಕಂಡಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಸುಲ್ತಾನನು ಅದನ್ನು ಮರೆಮಾಡುತ್ತಿದ್ದನಂತೆ. ದಫ್ತರು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಒಂದು ಕನಸನ್ನು ನೋಡಬಹುದು. ೧೭೮೬ರಲ್ಲಿ ಸವಣೂರಿನ ಬಳಿ ಹರಿಪಂತ ಫಡಕೆಯ ಮರಾಠಾ ಸೈನ್ಯದ ಮೇಲೆ ರಾತ್ರಿಯ ದಾಳಿಗೆ ಮುನ್ನ ಕಂಡದ್ದು ಅದು. ಅಪರಿಚಿತನಾದ ಸುಂದರ ತರುಣನೊಬ್ಬನು ಬಂದು ಪಕ್ಕದಲ್ಲಿ ಕುಳಿತನು. ಸುಲ್ತಾನನು ಹೆಣ್ಣಿನೊಡನೆ ಮಾತಾಡುವಂತೆ ವಿನೋದವಾಗಿ ಮಾತಾಡಿದನು. ಬಳಿಕ ತರುಣನು ಉಡುಪನ್ನು ಸಡಿಲಿಸಲು ಅದು ಹೆಣ್ಣೆಂದು ತಿಳಿಯಿತು. ಎಚ್ಚತ್ತ ಸುಲ್ತಾನನು ಬರೆದ ಅರ್ಥ: ಮರಾಠರು ಗಂಡುಡುಗೆ ತೊಟ್ಟಿದ್ದರೂ ಹೆಣ್ಣುಗಳೇ ಆಗುವರು. ಮತ್ತೊಂದು ಕನಸಿನಲ್ಲಿ, ಹಿಂಭಾಗ ಶಿಥಿಲವಾದ ದೇವಾಲಯವೊಂದರೊಳಗೆ ವಿಗ್ರಹಗಳ ಕಣ್ಣುಗಳು ಜೀವವಿದ್ದಂತೆ ಚಲಿಸುತ್ತವೆ. ಸ್ತ್ರೀವಿಗ್ರಹಗಳೆರಡರಲ್ಲಿ ಒಂದು, ತಾವು ದೇವರನ್ನು ಪ್ರಾರ್ಥಿಸುತ್ತಿರುವೆವೆಂದು ತಿಳಿಸುತ್ತದೆ. ಹಾಗೆಯೇ ಮಾಡಿರಿ ಎಂದು ಹೇಳಿ, ಸುಲ್ತಾನನು ಕಟ್ಟಡವನ್ನು ಸರಿಪಡಿಸಲು ತನ್ನವರಿಗೆ ಆಜ್ಞಾಪಿಸುತ್ತಾನೆ.

ಚರಕನ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದರ ಅರ್ಥವಿವರಣೆ ‘ಬಯಸಿದ್ದರ’ ವರ್ಗಕ್ಕೆ ಸೇರುತ್ತದೆ. ಕನಸಿನಲ್ಲಿದ್ದುದು ಅಪರಿಚಿತನೊಬ್ಬನ ಸಾಮೀಪ್ಯ, ವಿಸ್ಮಯ. ವಿಜಯವನ್ನು ಅದಕ್ಕೆ ಸೇರಿಸಿದವನು ಎಚ್ಚತ್ತ ಸೇನಾನಿ. ದೊಡ್ಡ ಸೈನ್ಯದ ಮೇಲೆ ಇರುಳಿನಲ್ಲಿ ನುಗ್ಗಲಿದ್ದವನಿಗೆ ಧೈರ್ಯ ಬೇಕಾಗಿತ್ತು. ತನಗೆ ತಾನೇ ಅದನ್ನು ಬರೆದುಕೊಂಡನು. ಇತರರನ್ನು ನಂಬಿಸಲು ಬರೆದುದಲ್ಲ. ಆದ್ದರಿಂದಲೇ ಆ ಮನಸ್ಸಿನ ಕಳವಳಕ್ಕೆ ಅದು ಸಾಕ್ಷಿ. ಆದರೆ ಆ ಕನಸುಗಳನ್ನು ಲೋಕಕ್ಕೆ ಮೊದಲು ತೋರಿಸಿದ್ದು ೧೮೦೦ರಲ್ಲಿ ಪ್ರಕಟವಾದ ಅಲೆಗ್ಜಾಂಡರ್ ಬೀಟ್ಸನ್ನನ ಯುದ್ಧಗ್ರಂಥ, ಎಂದರೆ ಗೆದ್ದವರ ಗ್ರಂಥ. ಅಂದಿನಿಂದ ಸುಲ್ತಾನನನ್ನು ತೆಗಳುವವರಿಗೆ ಒಂದು ಕನಸು, ಹೊಗಳುವವರಿಗೆ ಇನ್ನೊಂದು ಒದಗುತ್ತ ಬಂದಿದೆ. ಕನಸು ರಾಜನೀತಿಯಲ್ಲ. ದೇವಾಲಯದ ಕನಸು ಅವನ ಔದಾರ್ಯವನ್ನಾಗಲಿ, ಶತ್ರುಗಳ ಕನಸು ಅವನ ಕ್ರೌರ್ಯವನ್ನಾಗಲಿ ಸಿದ್ಧಮಾಡಲಾರದು. ಅದಕ್ಕೆ ಸನದುಗಳನ್ನೂ ಹುಕುಮುಗಳನ್ನೂ ನೋಡಬೇಕು.

ಒಟ್ಟಿನಲ್ಲಿ ಕನಸು ಎದುರಾದಾಗ ಚರಿತ್ರಕಾರನು ಕೇಳಬೇಕಾದ ಪ್ರಶ್ನೆಗಳು ಮೂರು: ಅದನ್ನು ಮೊದಲು ಬರೆದದ್ದು ಯಾವಾಗ? ಬರೆದವರು ಯಾರು? ಯಾರು ಓದಲೆಂದು? ಬೆಳಗೊಳದ ಕನಸು ಮೊದಲನೆಯ ಪ್ರಶ್ನೆಯಲ್ಲಿಯೇ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ, ಶ್ರೀರಂಗಪಟ್ಟಣದ್ದು ಮೂರನೆಯದರಲ್ಲಿ. ಮೊದಲನೆಯದು ಸಮಾಜದ ಮನಸ್ಸನ್ನೂ ಎರಡನೆಯದು ವ್ಯಕ್ತಿಯ ಮನಸ್ಸನ್ನೂ ತೋರಿಸುತ್ತದೆ. ಎರಡೂ ಸತ್ಯವೇ, ಆದರೆ ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸಿಕೊಳ್ಳಬಾರದು.

ಈ ಮಾತು ಮುಂಬಯಿ ಕನ್ನಡಿಗರಾದ ನಮಗೂ ಅನ್ವಯಿಸುತ್ತದೆ. ಊರು ಬಿಟ್ಟು ಬಂದ ನಮ್ಮ ಹಿರಿಯರ ಕತೆಗಳಲ್ಲಿ, ಊರ ದೇವರು ಅಥವಾ ದೈವ ಕನಸಿನಲ್ಲಿ ಬಂದು ಹರಕೆಯನ್ನು ನೆನಪಿಸಿದ್ದು, ತೀರಿಹೋದ ತಾಯಿ ಬಾಗಿಲಲ್ಲಿ ನಿಂತಂತೆ ಕಂಡದ್ದು ಅಪರೂಪವಲ್ಲ. ಹೋಟೆಲಿನ ಅಟ್ಟದ ಮೇಲೆ, ಚಾಳಿನ ಪಡಸಾಲೆಯಲ್ಲಿ ಮಲಗಿ, ಹಗಲು ದುಡಿದು ಇರುಳು ರಾತ್ರಿಶಾಲೆಯಲ್ಲಿ ಕಲಿತವರ ಕನಸುಗಳಿವು. ಕಡತಗಳಲ್ಲಿ ಅವರ ಸಂಬಳ ದೊರೆತೀತು, ಹಂಬಲ ದೊರೆಯದು. ಕೇಳಿದವರು ಕೇಳಿದಂತೆಯೇ, ದಿನ ಮತ್ತು ಸ್ಥಳಗಳೊಡನೆ, ಇವುಗಳನ್ನು ಬರೆದಿಡುವುದು ಅವಶ್ಯ. ತಡವಾದರೆ ಮೊಮ್ಮಕ್ಕಳು ಐತಿಹ್ಯವನ್ನು ಪಡೆಯುತ್ತಾರೆ. ಕನಸು ಕಂಡವನನ್ನು ಕಳೆದುಕೊಳ್ಳುತ್ತಾರೆ.